ಮಹಾಜಿರಲೆಯ ನಾಲ್ಕೂವರೆ ನಿಮಿಷ

ಇನ್ನು ಮುಂದೆ ತಾವು ಬಾಯಿ ತೆರೆದರೆ ಊರಿಗೆ ಊರೇ ಕಿವಿ ನಿಮಿರಿಸಬೇಕು ಎಂದು ಅನೌನ್ಸರ್ ಸಾಹೇಬರು ಒಂದು ಭಾನುವಾರ ಬೆಳಿಗ್ಗೆ ಘೋರ ಪ್ರತಿಜ್ಞೆ ಮಾಡಿದರು. ಪ್ರತಿಜ್ಞೆಯ ಹೊತ್ತಿನಲ್ಲಿ ಬಾಯಲ್ಲಿ ಟೂತ್‌ಬ್ರಷ್ ಇದ್ದುದರಿಂದ ಮನೆಯಲ್ಲಿ ಅದು ಯಾರಿಗೂ ಅರ್ಥವಾಗಲಿಲ್ಲ. "ಟವೆಲ್ ಬಾಗಿಲ ಹಿಂದೆ ಇದೆ ನೋಡಿ" ಎಂದಳು ಹೆಂಡತಿ, ಹೊಲಿಗೆ ಯಂತ್ರದಿಂದ ತಲೆಯೆತ್ತದೆ.

ಸಾಹೇಬರ ರೋಷಕ್ಕೆ ಕಾರಣವಿತ್ತು. ಬಸ್ ನಿಲ್ದಾಣದ ಗಾಜಿನ ಗೂಡಿನಲ್ಲಿ ಕೂತು, ಯಾವ ಬಸ್ಸು ಯಾವ ಪ್ಲಾಟ್‌ಫಾರ್ಮಿಗೆ ಬರುತ್ತದೆಂದು ಮೈಕಿನಲ್ಲಿ ಸಾರುವುದು ಅವರ ಉದ್ಯೋಗ. ಹತ್ತೊಂಬತ್ತು ವರ್ಷದ ಸರ್ವಿಸು. ಕಂಚಿನ ಕಂಠ. ಒಂದು ಒತ್ತಕ್ಷರವನ್ನೂ ಕೆಳಗೆ ಬೀಳಿಸದ ಉಚ್ಚಾರಣೆ. "ಪ್ರಯಾಣಿಕರ ಗಮನಕ್ಕೆ" ಎಂದು ದಿನಕ್ಕೆ ಇನ್ನೂರು ಸಲ ಹೇಳುತ್ತಿದ್ದರು. ಪ್ರಯಾಣಿಕರ ಗಮನ ಮಾತ್ರ ಇತ್ತ ಸುಳಿದದ್ದಿಲ್ಲ. ಹತ್ತೂವರೆಯ ಬಸ್ಸು ಮೂರನೇ ಪ್ಲಾಟ್‌ಫಾರ್ಮಿಗೆ ಬರಲಿದೆಯೆಂದು ಮೂರು ಸಲ ಸಾರಿ, ನೀರಿನ ಲೋಟ ಎತ್ತುವಷ್ಟರಲ್ಲಿ ಯಾರಾದರೂ ಗಾಜು ತಟ್ಟುತ್ತಿದ್ದರು. "ಸಾರ್, ಹತ್ತೂವರೆ ಬಸ್ಸು ಎಲ್ಲಿಗೆ ಬರುತ್ತೆ?"

ಮನೆಯಲ್ಲೂ ಅದೇ ಪಾಡು. ಹೆಂಡತಿ ದರ್ಜಿ, ಮನೆಯ ಹಾಲ್ ಅವಳ ಅಂಗಡಿ. ಸಾಹೇಬರು ಮಾತು ಆರಂಭಿಸಿದ ಕ್ಷಣಕ್ಕೆ ಸರಿಯಾಗಿ ಅವಳ ಹೊಲಿಗೆ ಯಂತ್ರಕ್ಕೂ ಮಾತು ಬರುತ್ತಿತ್ತು. ಎಂಟನೇ ಕ್ಲಾಸಿನ ಮಗಳಿಗೆ ಹೆಡ್‌ಫೋನು ಹುಟ್ಟುವಾಗಲೇ ಬಂದ ಅಂಗ. ಕನ್ನಡಕ ಕಾಣುತ್ತಿಲ್ಲವೆಂದು ನಾಲ್ಕು ಸಲ ಹೇಳಿದ ಮೇಲೆ ಐದನೆಯ ಸಲ ಯಾರಾದರೂ "ಏನಾದ್ರೂ ಅಂದ್ರಾ?" ಎಂದರೆ ಅದೇ ದೊಡ್ಡ ಮರ್ಯಾದೆ. ಹತ್ತೊಂಬತ್ತು ವರ್ಷ ಮಾತಾಡಿಯೂ ಯಾರಿಗೂ ಕೇಳಿಸದೆ ಹೋದೆನಲ್ಲ ಎಂಬ ಸಂಕಟ ಅವರನ್ನು ಒಳಗೊಳಗೇ ಕೊರೆಯುತ್ತಿತ್ತು. ಆ ಭಾನುವಾರ ಅದಕ್ಕೆ ಮದ್ದು ಸಿಕ್ಕಿತ್ತು.

ಮದ್ದು ತಂದವನು ಭಾಮೈದ, ಅಂದರೆ ಹೆಂಡತಿಯ ತಮ್ಮ. ಅವನೂ ಅವನ ಇಬ್ಬರು ಗೆಳೆಯರೂ ಸೇರಿ ಕ್ಷೌರದಂಗಡಿಯ ಮೇಲಿನ ಕೋಣೆಯಲ್ಲಿ ವಿಡಿಯೋ ಗೇಮ್ ಮಾಡುತ್ತಿದ್ದರು. ಗೇಮಿನ ಹೆಸರು 'ಮಂಗಳದಿಂದ ಬಂದ ಮಹಾಜಿರಲೆ'. ಅರವತ್ತು ಎಪ್ಪತ್ತು ವರ್ಷದ ಹಿಂದೆ ಕಡಿಮೆ ಖರ್ಚಿನಲ್ಲಿ ಆಕಾಶಯಾನದ ಸಿನಿಮಾ ತೆಗೆಯುತ್ತಿದ್ದರಲ್ಲ, ತಟ್ಟೆಗೆ ದಾರ ಕಟ್ಟಿ ತೂಗಿಬಿಟ್ಟು ಹಾರುವ ತಟ್ಟೆ ಎನ್ನುತ್ತಿದ್ದರಲ್ಲ, ಅವುಗಳ ಅಣಕ ಅದು. ಗೇಮಿನಲ್ಲೂ ತಟ್ಟೆಯ ದಾರ ಕಾಣಬೇಕು. ರಾಕ್ಷಸ ಜಿರಲೆಗಳ ಬೆನ್ನಿನಲ್ಲಿ ವೇಷದ ಜಿಪ್ಪು ಕಾಣಬೇಕು. ಆಡುವವರು ಕೂದಲು ಒಣಗಿಸುವ ಯಂತ್ರದಂಥ ಕೋವಿ ಹಿಡಿದು ಅವನ್ನು ಸುಡುತ್ತಾ ಹೋಗಬೇಕು.

"ಭಾವ, ಜಿರಲೆಗಳ ಚಕ್ರವರ್ತಿಗೆ ನಿಮ್ಮ ದನಿ ಬೇಕು" ಎಂದ ಭಾಮೈದ. "ಶುರುವಿನಲ್ಲಿ ಅವನು ಭೂಮಿಗೆ ಬೆದರಿಕೆ ಹಾಕ್ತಾನೆ. ಒಂದು ಪುಟ ಅಷ್ಟೇ. ಎಲ್ಲ ಅತಿಯಾಗಿರಬೇಕು. ಕೇಳಿದವರು ಇವನಿಗೇನು ತಲೆ ಕೆಟ್ಟಿದೆಯಾ ಅನ್ನಬೇಕು."

"ಅದಕ್ಕೆ ಇವರೇ ಸರಿ" ಎಂದಳು ಹೆಂಡತಿ.

ಸಾಹೇಬರು ಹಾಳೆಯನ್ನು ಮೇಲಿಂದ ಕೆಳಗೆ ಓದಿದರು. ಅವರ ಮುಖದಲ್ಲಿ ಅತೃಪ್ತಿ ಮೂಡಿತು. "ಅಲ್ಲ ಮಾರಾಯ, ಏಳು ಗ್ರಹ ಗೆದ್ದವನು. ಒಂದು ಪುಟ ಮಾತಾಡ್ತಾನಾ? ಅವನು ಯಾಕೆ ಹೀಗಾದ ಅಂತ ಜನಕ್ಕೆ ಗೊತ್ತಾಗಬೇಡವಾ?"

"ಭಾವ, ಅವನೊಂದು ಜಿರಲೆ."

"ಜಿರಲೆಗೂ ತಾಯಿ ಇರ್ತಾಳೆ" ಎಂದರು ಸಾಹೇಬರು, ಗದ್ಗದಿತರಾಗಿ.

ಮಧ್ಯಾಹ್ನದೊಳಗೆ ಒಂದು ಪುಟ ಆರು ಪುಟವಾಯಿತು. ಚಕ್ರವರ್ತಿಯ ಬಡತನದ ಬಾಲ್ಯ ಬಂತು. ಚಪ್ಪಲಿಯೇಟಿಗೆ ಬಲಿಯಾದ ತಾಯಿ ಬಂದಳು. ಚರಂಡಿಯ ಬದಿಯಲ್ಲಿ ನಿಂತು ಮಾಡಿದ ಶಪಥ ಬಂತು. ಗಡಿಯಾರ ಹಿಡಿದು ಓದಿದರೆ ಸರಿಯಾಗಿ ನಾಲ್ಕೂವರೆ ನಿಮಿಷ. ಭಾಮೈದ ತಲೆ ಕೆರೆದುಕೊಂಡ. ಅಕ್ಕನ ಗಂಡ, ಎದುರು ಮಾತಾಡುವುದು ಹೇಗೆ? "ಚೆನ್ನಾಗಿದೆ ಭಾವ" ಎಂದು ಹೇಳಿ ಚಪ್ಪಲಿ ಮೆಟ್ಟಿಕೊಂಡ.

ಅಂದಿನಿಂದಲೇ ಅಭ್ಯಾಸ ಆರಂಭವಾಯಿತು. ದನಿ ಮುದ್ರಿಸುವವರು ಬಟ್ಟೆಗಳ ನಡುವೆ ನಿಂತು ಮಾತಾಡುತ್ತಾರೆ, ಆಗ ಗುಂಯ್‌ಗುಡುವುದಿಲ್ಲ ಎಂದು ಮಗಳು ಹೇಳಿದ್ದೇ ತಡ, ಸಾಹೇಬರು ಹಾಲ್‌ನ ದೊಡ್ಡ ಬೀರುವಿನೊಳಗೆ ಹೊಕ್ಕರು. ಹೆಂಡತಿ ಹೊಲಿದು ತೂಗುಹಾಕಿದ ಗಿರಾಕಿಗಳ ಬಟ್ಟೆಗಳ ನಡುವೆ ಟಾರ್ಚು ಹಿಡಿದು ನಿಂತು, ಬಾಗಿಲು ಎಳೆದುಕೊಂಡು, ಜಿರಲೆಯಾದರು. ಮೂರನೆಯ ದಿನ ಅವರು ಹೀಗೆ ಒಳಗಿರುವಾಗಲೇ ಹೆಡ್‌ಮಿಸ್ಟ್ರೆಸ್ ಒಬ್ಬರು ಹೊಸ ಕೋಟಿನ ಅಳತೆ ನೋಡಲು ಬಂದರು. ಸಾಹೇಬರಿಗೆ ಅದು ತಿಳಿಯದು. ತಾನು ಅಡುಗೆಮನೆಯಲ್ಲಿದ್ದಾಗ ಗಂಡ ಬೀರು ಹೊಕ್ಕದ್ದು ಹೆಂಡತಿಗೂ ತಿಳಿಯದು.

ಹೆಡ್‌ಮಿಸ್ಟ್ರೆಸ್ ಕನ್ನಡಿಯ ಮುಂದೆ ನಿಂತಿದ್ದರು. ಒಂದು ತೋಳು ಹೊಲಿದಾಗಿತ್ತು, ಇನ್ನೊಂದನ್ನು ಈಗ ಕೂಡಿಸಬೇಕು. ಹೆಂಡತಿ ಬಾಯಲ್ಲಿ ಗುಂಡುಸೂಜಿಗಳನ್ನು ಕಚ್ಚಿಕೊಂಡು, ಹಲ್ಲುಗಳ ಸಂದಿಯಿಂದಲೇ, "ಸ್ವಲ್ಪ ಅಲುಗಾಡಬೇಡಿ ಮೇಡಂ" ಎಂದಳು.

"ಅಲುಗಾಡಿದರೆ ಭಸ್ಮ!" ಎಂದಿತು ಬೀರು.

ಮೇಡಂ ಕಲ್ಲಾದರು.

"ಭೂಲೋಕದ ಹುಳುವೇ, ನಿನ್ನ ಚಪ್ಪಲಿಯನ್ನು ನಾನು ಮರೆತಿಲ್ಲ" ಎಂದು ಬೀರು ಮುಂದುವರಿಸಿತು.

ಮೂವತ್ತು ವರ್ಷ ಮಕ್ಕಳನ್ನು ಹೆದರಿಸಿ ಬದುಕಿದ ಆ ಹೆಂಗಸು ಒಂದು ತೋಳಿನ ಕೋಟಿನಲ್ಲಿಯೇ ಬೀದಿಗೆ ಓಡಿದರು. ಬಾಗಿಲ ಬಳಿ ಬಿಟ್ಟಿದ್ದ ಚಪ್ಪಲಿಯನ್ನು ಮುಟ್ಟುವ ಧೈರ್ಯವಾಗಲಿಲ್ಲ. ಹೆಂಡತಿ ಬಾಯಿಂದ ಗುಂಡುಸೂಜಿಗಳನ್ನು ಒಂದೊಂದಾಗಿ ತೆಗೆದು ಡಬ್ಬಿಗೆ ಹಾಕಿದಳು. ಏಳು ಸೂಜಿ.

"ಹೊರಗೆ ಬನ್ನಿ" ಎಂದಳು.

"ಯಾರು, ನಾನಾ?"

"ಇನ್ಯಾರು, ಚಕ್ರವರ್ತಿಗಳು."

ಸಾಹೇಬರು ಕೊರಳಿಗೆ ಸುತ್ತಿಕೊಂಡ ಯಾರದೋ ಸ್ಕರ್ಟಿನೊಂದಿಗೆ ಹೊರಬಂದರು. ನಡೆದದ್ದನ್ನು ಕೇಳಿ ಅವರ ಮುಖ ಅರಳಿತು. "ಹೆದರಿದ್ರಾ? ಅಂದ್ರೆ ನಾನು ಹೇಳಿದ್ದೆಲ್ಲ ಕೇಳಿಸಿಕೊಂಡ್ರು ಅನ್ನು!"

"ರೀ, ಗಿರಾಕಿ ಹೋದ್ರು."

"ಹೋಗಲಿ ಬಿಡು. ಎಲ್ಲಿಯವರೆಗೆ ಕೇಳಿಸಿಕೊಂಡ್ರು? ತಾಯಿ ಸಾಯೋ ಭಾಗ ಬಂದಿತ್ತಾ?"

ಹೆಂಡತಿ ಹೊಲಿಗೆ ಯಂತ್ರ ತುಳಿದಳು. ಅಂದು ಯಂತ್ರ ಮಾತಾಡಿದಷ್ಟು ಇನ್ಯಾವತ್ತೂ ಮಾತಾಡಿರಲಿಲ್ಲ.

ಸಾಹೇಬರಿಗೆ ಮಾತ್ರ ದಾರಿ ನಿಚ್ಚಳವಾಗಿ ಕಂಡಿತು. ದೋಷ ಜನರ ಕಿವಿಯಲ್ಲಿರಲಿಲ್ಲ. ಹತ್ತೊಂಬತ್ತು ವರ್ಷ ತಾವು ಬಿನ್ನಹ ಮಾಡಿಕೊಳ್ಳುತ್ತಿದ್ದರು. ಜನ ಕೇಳುವುದು ಬೆದರಿಕೆಯನ್ನು. ಮರುದಿನ ಗಾಜಿನ ಗೂಡಿನಲ್ಲಿ ಕೂತು, ಗಂಟಲು ಸರಿಮಾಡಿಕೊಂಡು, ಮೈಕಿನ ಗುಂಡಿ ಒತ್ತಿದರು. "ಪ್ರಯಾಣಿಕರೇ! ಹನ್ನೊಂದರ ಬಸ್ಸು ಎಂಟನೇ ಪ್ಲಾಟ್‌ಫಾರ್ಮಿಗೆ ಬರುತ್ತಿದೆ. ಯಾರೊಬ್ಬರೂ ತಪ್ಪಿಸಿಕೊಳ್ಳಲಾರಿರಿ. ಹಹಹಹ!"

ನಿಲ್ದಾಣವೆಲ್ಲ ಒಮ್ಮೆಗೇ ಸ್ತಬ್ಧವಾಯಿತು. ಕಡಲೆಕಾಯಿ ತಿನ್ನುತ್ತಿದ್ದವರ ಬಾಯಿ ಹಾಗೇ ನಿಂತಿತು. ಎಲ್ಲರೂ ಕೇಳಿಸಿಕೊಂಡರು, ಒಬ್ಬರೂ ಗಾಜು ತಟ್ಟಲಿಲ್ಲ. ಎಂಟನೇ ಪ್ಲಾಟ್‌ಫಾರ್ಮಿನಲ್ಲಿದ್ದವರೆಲ್ಲ ಗಂಟುಮೂಟೆ ಎತ್ತಿಕೊಂಡು ಎರಡನೆಯದಕ್ಕೆ ಓಡಿದರು. ಹನ್ನೊಂದರ ಬಸ್ಸು ತನ್ನ ಇತಿಹಾಸದಲ್ಲೇ ಮೊದಲ ಬಾರಿಗೆ ಸರಿಯಾಗಿ ಹನ್ನೊಂದಕ್ಕೆ ಹೊರಟಿತು. ಒಳಗೆ ಡ್ರೈವರ್ ಒಬ್ಬನೇ ಇದ್ದ.

ನಿಲ್ದಾಣದ ಮೇಲ್ವಿಚಾರಕರು ಕರೆಸಿದರು. "ಏನ್ರೀ ಇದು?"

"ಪ್ರಯೋಗ ಸಾರ್. ನೂರಕ್ಕೆ ನೂರು ಜನ ಗಮನ ಕೊಟ್ಟರು."

"ಗಮನ ಕೊಟ್ಟ ನೂರು ಜನ ಈಗ ನನ್ನ ಕೋಣೆ ಹೊರಗೆ ನಿಂತಿದ್ದಾರೆ. ಒಂದು ತಿಂಗಳು ಮೈಕು ಮುಟ್ಟಬೇಡಿ. ಕಳೆದುಹೋದ ಸಾಮಾನಿನ ಕೋಣೆಗೆ ಹೋಗಿ ಕೂತ್ಕೊಳ್ಳಿ. ಮುಂದಿನದು ಆಮೇಲೆ ನೋಡೋಣ."

ಬೇರೆ ಯಾರಾದರೂ ಆಗಿದ್ದರೆ ಕುಗ್ಗುತ್ತಿದ್ದರು. ಸಾಹೇಬರು ಬಗ್ಗುವವರಲ್ಲ. ವಾರಸುದಾರರಿಲ್ಲದ ನಲವತ್ತಮೂರು ಕೊಡೆ, ಎರಡು ಊರುಗೋಲು, ಒಂದು ಹಲ್ಲುಸೆಟ್ಟಿನ ಮುಂದೆ ನಿಂತು ಅಭ್ಯಾಸ ಮುಂದುವರಿಸಿದರು. ಮನೆಗೆ ಬಂದು, "ಗೇಮು ಹೊರಗೆ ಬರಲಿ, ಮೇಲ್ವಿಚಾರಕರೇ ಬಂದು ಮೈಕು ಕೈಗೆ ಕೊಡ್ತಾರೆ" ಎಂದರು. ಕೆಲಸದ ಮೇಲೆಯೇ ಕತ್ತಿ ತೂಗುತ್ತಿದೆಯೆಂದು ಹೆಂಡತಿಗೆ ದಿಗಿಲಾಯಿತು. ಸಾಹೇಬರಿಗೆ ಆಗಲಿಲ್ಲ. ನಾಲ್ಕೂವರೆ ನಿಮಿಷ ಜಗತ್ತು ತಮ್ಮನ್ನು ಕೇಳಿದರೆ ಸಾಕು, ಉಳಿದದ್ದೆಲ್ಲ ತಾನಾಗಿ ಸರಿಹೋಗುತ್ತದೆ ಎಂದು ಅವರು ನಿಜವಾಗಿಯೂ ನಂಬಿದ್ದರು.

ಧ್ವನಿಮುದ್ರಣದ ದಿನ ಕ್ಷೌರದಂಗಡಿಯ ಮೇಲಿನ ಕೋಣೆಯ ಗೋಡೆಗಳಿಗೆಲ್ಲ ಕಂಬಳಿ ಹೊದಿಸಿದ್ದರು. ಸಾಹೇಬರು ಗರ್ಜಿಸಿದರು, ಬಿಕ್ಕಿದರು, ತಾಯಿಯ ಸಾವಿನಲ್ಲಿ ನಿಜವಾಗಿಯೇ ಕಣ್ಣೊರೆಸಿಕೊಂಡರು. ಕೆಳಗೆ ಕ್ಷೌರಿಕ ಬೆಚ್ಚಿಬಿದ್ದು ಗಿರಾಕಿಯೊಬ್ಬನ ಅರ್ಧ ಮೀಸೆ ಹೆಚ್ಚಾಗಿ ತೆಗೆದನಂತೆ. ಕೊನೆಯ ಸಾಲಿಗೆ ಬಂದಾಗ ಮಾತ್ರ, ಎದುರಿಗಿದ್ದ ಮೈಕು ಕಂಡು ಹತ್ತೊಂಬತ್ತು ವರ್ಷದ ನಾಲಿಗೆ ತನ್ನ ಪಾಡಿಗೆ ತಾನು ಹೊರಳಿತು: "ಭೂಮಿಯನ್ನು ಇನ್ನು ಕೆಲವೇ ನಿಮಿಷಗಳಲ್ಲಿ ನಾಶಪಡಿಸಲಾಗುವುದು. ಅನನುಕೂಲಕ್ಕಾಗಿ ವಿಷಾದಿಸುತ್ತೇವೆ."

ಗೆಳೆಯರಿಬ್ಬರೂ ಕಂಬಳಿಗೆ ಮುಖ ಒತ್ತಿಕೊಂಡು ಅಲುಗಾಡುತ್ತಿದ್ದರು. ಭಾವೋದ್ವೇಗ ತಡೆಯಲಾಗಲಿಲ್ಲ ಪಾಪ, ಎಂದುಕೊಂಡರು ಸಾಹೇಬರು. ಇಳಿದು ಹೋಗುವಾಗ ಭಾಮೈದನ ಹೆಗಲ ಮೇಲೆ ಕೈಯಿಟ್ಟು, "ಒಂದಕ್ಷರಕ್ಕೂ ಕತ್ತರಿ ಬೀಳಬಾರದು" ಎಂದರು.

"ನಿಮ್ಮ ಮಾತಿಗೆ ಕತ್ತರಿ ಹಾಕ್ತೀನಾ ಭಾವ?" ಎಂದ ಅವನು.

ಗೇಮು ಸಿದ್ಧವಾದ ದಿನ ಸಾಹೇಬರು ಮಹಡಿ ಮೇಲಿನವರನ್ನೂ ಕೆಳಗಿನವರನ್ನೂ ಕರೆದರು. ಹಾಲ್‌ನಲ್ಲಿ ಹನ್ನೊಂದು ಕುರ್ಚಿ. ಹೆಂಡತಿ ತಾನಾಗಿಯೇ ಯಂತ್ರ ನಿಲ್ಲಿಸಿ ಬಂದು ಕೂತಳು. ಮಗಳು ಹೆಡ್‌ಫೋನು ತೆಗೆದಿಟ್ಟು ಕಂಟ್ರೋಲರ್ ಹಿಡಿದಳು. ಸಾಹೇಬರು ಎದ್ದು ನಿಂತು, "ಯಾರೂ ನಡುವೆ ಮಾತಾಡಬೇಡಿ, ನಾಲ್ಕೂವರೆ ನಿಮಿಷ" ಎಂದರು. ಟಿವಿಯಲ್ಲಿ ದಾರಕ್ಕೆ ತೂಗಿದ ತಟ್ಟೆ ಇಳಿಯಿತು. ಜಿಪ್ಪು ಬಿಚ್ಚಿಹೋದ ಬೆನ್ನಿನ ಮಹಾಜಿರಲೆ ಕೆಳಗಿಳಿದು ಆರು ಕೈಗಳನ್ನೂ ಎತ್ತಿತು.

"ಭೂ..." ಎಂದಿತು ಮಹಾಜಿರಲೆ.

ಮರುಕ್ಷಣ ಪರದೆಯ ತುಂಬ ಜಿರಲೆಗಳು, ಗುಂಡಿನ ಸುರಿಮಳೆ. ಮಗಳು ಬಾಗಿ ಬಾಗಿ ಸುಡುತ್ತಿದ್ದಳು.

"ಏನಾಯ್ತು? ಕೆಟ್ಟುಹೋಯ್ತಾ?" ಸಾಹೇಬರು ಟಿವಿಯ ಹಿಂದೆ ಇಣುಕಿದರು.

"ಇಲ್ಲಪ್ಪ, ಸ್ಕಿಪ್ ಮಾಡಿದೆ."

"ಏನು ಮಾಡಿದೆ?"

"ಮಾತನ್ನು ದಾಟಿಸಿದೆ. ಎಲ್ಲ ಗೇಮಲ್ಲೂ ಹಾಗೇ. ಅದನ್ನ ಯಾರೂ ಕೇಳಲ್ಲ."

ಸಾಹೇಬರು ಭಾಮೈದನ ಕಡೆ ತಿರುಗಿದರು. ಅವನು ನೆಲ ನೋಡುತ್ತಿದ್ದ. "ಕತ್ತರಿ ಹಾಕಿಲ್ಲ ಭಾವ, ಆಣೆಗೂ. ಪೂರ್ತಿ ನಾಲ್ಕೂವರೆ ನಿಮಿಷ ಒಳಗಿದೆ. ಬೇಡದವರಿಗೆ ಅಂತ ಒಂದು ಬಟನ್ ಇಟ್ಟಿದೀನಿ, ಅಷ್ಟೇ."

ಮೊದಲಿಂದ ಹಾಕಿಸಿದರು. ಮಹಡಿ ಮೇಲಿನವರ ಕೈಗೆ ಕೊಟ್ಟರು, ಅವರು "ಭೂ" ಮುಗಿಯುವ ಮುಂಚೆಯೇ ಒತ್ತಿದರು. ಕೆಳಗಿನವರಿಗೆ ಗೇಮು ಆಡಿಯೇ ಗೊತ್ತಿರಲಿಲ್ಲ, ಆದರೂ ಅವರ ಹೆಬ್ಬೆರಳಿಗೆ ಅದೊಂದು ಬಟನ್ ಗೊತ್ತಿತ್ತು. ಒಬ್ಬರಾದ ಮೇಲೊಬ್ಬರು ಜಿರಲೆ ಸುಟ್ಟು, ಹೊಟ್ಟೆ ತುಂಬ ನಕ್ಕು, "ಬಹಳ ಚೆನ್ನಾಗಿದೆ ಸಾರ್, ನಿಮ್ಮ ದನಿ ಎಲ್ಲಿ ಬರುತ್ತೆ?" ಎಂದು ಕೇಳಿ ಹೋದರು. ಸಾಹೇಬರು ಖಾಲಿ ಕುರ್ಚಿಗಳ ನಡುವೆ ಕೂತರು. ಮೈಕು ಹೋದಾಗ ಬಾರದ ನೋವು ಈಗ ಬಂದಿತ್ತು.

ಹೆಂಡತಿಗೆ ನೋಡಲಾಗಲಿಲ್ಲ. "ಕೊಡೇ ಇಲ್ಲಿ" ಎಂದು ಮಗಳ ಕೈಯಿಂದ ಕಂಟ್ರೋಲರ್ ಕಸಿದುಕೊಂಡಳು. "ಮೊದಲಿಂದ ಹಾಕು. ಯಾರೂ ಬೇಡ, ನಾನು ಕೇಳ್ತೀನಿ."

ಕೇಳಿದಳು. ಚಕ್ರವರ್ತಿಯ ಬಡತನ ಕೇಳಿದಳು, ಚಪ್ಪಲಿ ಕೇಳಿದಳು, ಚರಂಡಿಯ ಶಪಥ ಕೇಳಿದಳು. ನಾಲ್ಕೂವರೆ ನಿಮಿಷ ಅಲುಗಾಡಲಿಲ್ಲ. ಸಾಹೇಬರ ಕಣ್ಣು ತೇವವಾಯಿತು. ಜಗತ್ತು ಹಾಳಾಗಿ ಹೋಗಲಿ, ಇವಳೊಬ್ಬಳು ಕೇಳಿದಳಲ್ಲ. ಹಿಗ್ಗಿನಿಂದ, "ಈ ಮಾತನ್ನು ನಾನು ಹೇಗೆ ಕಟ್ಟಿದೆ ಅಂತ ಹೇಳ್ತೀನಿ ಕೇಳು. ಮೊದಲು ಆ ತಾಯಿ ಇದ್ದಾಳಲ್ಲ, ಅವಳ ತವರುಮನೆ..." ಎಂದು ಆರಂಭಿಸಿದರು.

ಹೆಂಡತಿ ಕಂಟ್ರೋಲರನ್ನು ಹಿಂದೆ ಮುಂದೆ ತಿರುಗಿಸಿ, ಆ ಬಟನನ್ನು ಹುಡುಕಿ, ಹೆಬ್ಬೆರಳಿಂದ ಸವರಿದಳು. ಆಮೇಲೆ ತಮ್ಮನ ಕಡೆ ವಾಲಿ ಮೆಲ್ಲಗೆ ಕೇಳಿದಳು:

"ಇದೊಂದೇ ಬಿಡಿಯಾಗಿ ಸಿಗುತ್ತೇನೋ?"