ಹೊಸ ಹಲ್ಲಿಗೊಂದು ಮೆತ್ತನೆಯ ತುತ್ತು

ಯೋಗನರಸಿಂಹರ ಆ ದಿನದ ಪಾಡಿಗೆಲ್ಲ ಮೂಲ ಒಂದು ಗುಡ್ ಮಾರ್ನಿಂಗ್ ಮೆಸೇಜು. ಬೆಳಗ್ಗೆ ಆರಕ್ಕೆ ಕಾಲೇಜಿನ ಗ್ರೂಪಿನಲ್ಲಿ ಯಾರೋ ತುಳಸಿಯ ಚಿತ್ರ ಹಾಕಿ, 'ಇಂದು ಏಕಾದಶಿ, ಹರಿಸ್ಮರಣೆ ಮಾಡೋಣ' ಎಂದು ಕಳಿಸಿದ್ದರು. ಉಳಿದವರು ಸ್ಮರಿಸಿದರೋ ಇಲ್ಲವೋ, ಯೋಗನರಸಿಂಹರಂತೂ ಮನಸಾರೆ ಸ್ಮರಿಸಿದರು: 'ಹರಿಯೇ, ಇವತ್ತೇ ಬರಬೇಕಿತ್ತೆ?'

ಹಿಂದಿನ ದಿನವಷ್ಟೇ ದಂತವೈದ್ಯರು ಅವರ ಬಲದವಡೆಯ ಮೂಳೆಗೆ ಎರಡು ಸ್ಕ್ರೂ ಕೂರಿಸಿದ್ದರು. ಮೂರು ತಿಂಗಳು ಕಳೆದ ಬಳಿಕ ಅವುಗಳ ಮೇಲೆ ಹೊಸ ಹಲ್ಲು ಏರಬೇಕು. ಸದ್ಯಕ್ಕೆ ಕೆನ್ನೆ ಬೇಕರಿಯ ಬನ್ನಿನಂತೆ ಉಬ್ಬಿತ್ತು.

"ಮೇಷ್ಟ್ರೇ, ಸ್ಕ್ರೂ ಹಾಕೋದು ನನ್ ಕೆಲ್ಸ. ಮೂಳೆ ಅದನ್ನ ಗಟ್ಟಿಯಾಗಿ ಹಿಡ್ಕೊಳ್ಳೋ ಹಾಗೆ ಮಾಡೋದು ನಿಮ್ ಊಟದ ಕೆಲ್ಸ" ಎಂದಿದ್ದರು ಡಾಕ್ಟರು. "ಗಂಜಿ, ಬೇಳೆಕಟ್ಟು, ಮೊಸರನ್ನ ಚೆನ್ನಾಗಿ ತಿನ್ನಿ. ಬಿಸಿ ಬೇಡ, ಖಾರ ಬೇಡ, ಗಟ್ಟಿ ಬೇಡ. ಆದ್ರೆ ಹೊಟ್ಟೆ ಮಾತ್ರ ಖಾಲಿ ಬಿಡ್ಬೇಡಿ. ಮಾತ್ರೆ ಎಲ್ಲಾ ಊಟ ಆದ್ಮೇಲೇ."

ಆದರೆ ತಾಯಿ ಅಲಮೇಲಮ್ಮನವರ ಮನೆಯಲ್ಲಿ ಏಕಾದಶಿಯೆಂದರೆ ಒಲೆ ಹಚ್ಚುವಂತಿಲ್ಲ, ಹನಿ ನೀರು ಕುಡಿಯುವಂತಿಲ್ಲ. ತಪ್ಪಿದರೆ ಆಕೆ ಬೈಯುವವರಲ್ಲ. ಬೈದಿದ್ದರೆ ಹೇಗೋ ಬದುಕಬಹುದಿತ್ತು. ತಪ್ಪಿದವರ ಪಾಲಿನ ಉಪವಾಸವನ್ನೂ ಸದ್ದಿಲ್ಲದೆ ತಾವೇ ಸೇರಿಸಿ ಮಾಡಿಬಿಡುತ್ತಿದ್ದರು. ಮೊಮ್ಮಗ ಅಭಿರಾಮ್ ಚಿಕ್ಕಂದಿನಲ್ಲಿ ಒಂದೇ ಒಂದು ಬಿಸ್ಕತ್ತು ತಿಂದದ್ದಕ್ಕೆ ಆಕೆ ಎರಡು ದಿನ ನೀರು ಮುಟ್ಟಿರಲಿಲ್ಲ. ಈಗ ಆಕೆಗೆ ಎಂಬತ್ನಾಲ್ಕು. ಮಗ ತಿಂದದ್ದು ತಿಳಿದರೆ ಹಲ್ಲಿಗಾಗಿ ತಾಯಿಯ ಜೀವ ತೆತ್ತಂತಾಗುತ್ತದೆ. ಹೆಂಡತಿ ಶ್ರೀರಂಜನಿಯನ್ನು ಕೇಳೋಣವೆಂದರೆ ಆಕೆ ತವರಿಗೆ ಹೋಗಿದ್ದಳು.

ತಿನ್ನಲೇಬೇಕು, ತಾಯಿಗೆ ತಿಳಿಯಲೂಬಾರದು. ಗುಬ್ಬಿಯಲ್ಲಿ ಕೊಬ್ಬರಿ ಮಂಡಿ ಇಟ್ಟಿರುವ ಗುಲಾಮ್ ನಬಿ ಹಳೆಯ ಸಹಪಾಠಿ. ಒಂದು ಕಾಲದಲ್ಲಿ ಪಕ್ಕದ ಮನೆಯಲ್ಲೇ ಇದ್ದವನು. ಅಲ್ಲಿಗೇ ಹೋಗುವುದೆಂದು ನಿಶ್ಚಯಿಸಿದರು.

"ಅಮ್ಮಾ, ಗುಬ್ಬಿಗೆ ಹೋಗ್ಬರ್ತೀನಿ" ಎಂದು ದೇವರಮನೆಯ ಬಾಗಿಲಲ್ಲಿ ನಿಂತು ಹೇಳಿದರು. ಅಲಮೇಲಮ್ಮನವರು ಜಪಕ್ಕೆ ಕೂತಿದ್ದರು, ಮಾತಾಡುವಂತಿರಲಿಲ್ಲ. ಕೈ ಎತ್ತಿ ಜೋರಾಗಿ ಆಡಿಸಿದರು. ಗಂಟೆಯನ್ನೂ ಬಾರಿಸಿದರು. ಮಗ ಅದನ್ನು ಆಶೀರ್ವಾದವೆಂದು ತಿಳಿದು ಚಪ್ಪಲಿ ಮೆಟ್ಟಿದರು.

ಬಸ್ ಸ್ಟ್ಯಾಂಡಿನಲ್ಲಿ ನಾಲ್ಕು ಇಡ್ಲಿ ಕಟ್ಟಿಸಿಕೊಂಡು, ಎರಡು ಬಾಳೆಹಣ್ಣು ಕೊಂಡು, ಕಿಟಕಿ ಪಕ್ಕ ಕೂತು ಪೊಟ್ಟಣ ಬಿಚ್ಚಬೇಕು, ಅಷ್ಟರಲ್ಲಿ ಪಕ್ಕದ ಸೀಟಿಗೆ ಎದುರುಮನೆಯ ಪುಟ್ಟರಂಗಯ್ಯ ಬಂದು ಕುಸಿದ. ಇಡೀ ಬೀದಿಗೆ ಪುಕ್ಕಟೆ ವೈದ್ಯ ಅವನು.

"ಅಯ್ಯೋ, ಇದೇನ್ ಸ್ವಾಮಿ ಕೆನ್ನೆ!"

"ಹಲ್ಲು..."

"ಗೊತ್ತಾಯ್ತು ಬುಡಿ. ಇದೇನು, ಬಾಳೆಹಣ್ಣಾ? ಶಿವನೇ! ಹಲ್ಲು ಕೆದಕಿಸ್ಕೊಂಡೋರು ಬಾಳೆಹಣ್ಣು ಮುಟ್ಟೋದುಂಟಾ? ನಂಜು ಕಣ್ರೀ, ನಂಜು!" ಎನ್ನುತ್ತ ಹಣ್ಣು ಕಿತ್ತುಕೊಂಡು, ಪರರ ಪ್ರಾಣ ಉಳಿಸುವ ಶ್ರದ್ಧೆಯಿಂದ ತಾನೇ ಸುಲಿದು ತಿಂದ.

"ಡಾಕ್ಟ್ರು ತಿನ್ನಿ ಅಂದವ್ರೆ ಕಣಯ್ಯಾ."

"ಅವ್ರಿಗೇನು, ಕೀವಾದ್ರೆ ಇನ್ನೊಂದ್ ದಪ ಕುಯ್ತಾರೆ. ಆ ಪೊಟ್ಟಣದಲ್ಲೇನು, ಇಡ್ಲಿನಾ? ಉದ್ದು ವಾಯು! ಕೊಡಿ ಇಲ್ಲಿ."

ಹೆಚ್ಚು ಜಗ್ಗಾಡಿದರೆ ಸುದ್ದಿ ಸಂಜೆಯೊಳಗೆ ಅಮ್ಮನ ಕಿವಿಗೆ ಬೀಳುತ್ತದೆಂದು ಯೋಗನರಸಿಂಹರು ಪೊಟ್ಟಣ ಬಿಟ್ಟುಕೊಟ್ಟರು. ನಾಲ್ಕೂ ಇಡ್ಲಿ ಮುಗಿಸಿದ ಪುಟ್ಟರಂಗಯ್ಯ ಬಾಯೊರೆಸಿಕೊಂಡು, "ಚಟ್ನಿ ಸ್ವಲ್ಪ ಉಪ್ಪು ಜಾಸ್ತಿ ಆಗದೆ" ಎಂದ.

ಗುಬ್ಬಿ ತಲುಪುವಾಗ ಅವರ ಹೊಟ್ಟೆ ಒಣಕೊಬ್ಬರಿಯಂತೆ ಒಳಗೆ ಸುರುಟಿಕೊಂಡಿತ್ತು.

"ಬಾರೋ ಯೋಗೂ! ಏನ್ಲಾ ಇದು ಕೆನ್ನೆ, ಯಾರ್ ಕೈಲಿ ಹೊಡ್ಸ್ಕೊಂಡೆ?" ಎಂದು ಗುಲಾಮ್ ನಬಿ ತೋಳು ಹಿಡಿದು ಒಳಗೆ ಕರೆದೊಯ್ದ.

ಯೋಗನರಸಿಂಹರು ನಾಚಿಕೆ ಬಿಟ್ಟು ಎಲ್ಲವನ್ನೂ ಹೇಳಿದರು. "ನಮ್ಮನೇಲಿ ಇವತ್ತು ಉಪವಾಸ. ನಿಮ್ಮನೇಲಿ ಏನಾದ್ರೂ ಮೆತ್ತಗಿರೋದು ಸಿಕ್ಕುತ್ತೆ ಅಂತ ಬಂದೆ ಕಣೋ."

ಗುಲಾಮ್ ನಬಿ ಗೋಡೆ ಹಿಡಿದುಕೊಂಡು ನಗತೊಡಗಿದ. "ಯಾವ ತಿಂಗ್ಳು ಅಂತ ಗೊತ್ತೇನ್ಲಾ? ರಂಜಾನ್! ಉಪವಾಸ ತಪ್ಪಿಸ್ಕೊಂಡು ಓಡ್ಬಂದು ರೋಜಾ ಮನೆಗೆ ಬಿದ್ದಿದೀಯಲ್ಲೋ!"

"ನೀವು ಸುಮ್ನಿರಿ" ಎಂದು ರಹಿಮಾ ಬೀ ಗಂಡನನ್ನು ಗದರಿದಳು. "ಕೂತ್ಕೊಳ್ಳಿ ಅಣ್ಣಾ. ಕಾಯಿಲೆಯೋರಿಗೆ ರೋಜಾನೂ ಇಲ್ಲ, ಏಕಾದಶಿನೂ ಇಲ್ಲ."

ಹೊಸ ಪಾತ್ರೆ ತೆಗೆದು, ಅಕ್ಕಿನುಚ್ಚು, ಹೆಸರುಬೇಳೆ ಹಾಕಿ ನುಣ್ಣಗೆ ಗಂಜಿ ಬೇಯಿಸಿ ತಂದಳು. ಎದುರಿಗೆ ಕೂತು ಬೀಸಣಿಗೆಯಿಂದ ಬಟ್ಟಲಿಗೆ ಗಾಳಿ ಹಾಕಿದಳು.

"ಉಪ್ಪು ನೀವೇ ನೋಡ್ಕೊಳ್ಳಿ ಅಣ್ಣಾ. ರೋಜಾದಲ್ಲಿದೀನಿ, ರುಚಿ ನೋಡಿಲ್ಲ."

ಚಮಚ ಬಾಯಿಯವರೆಗೂ ಹೋಯಿತು. ಆಗ ಅವರ ಕಣ್ಣು ಆಕೆಯ ಒಣಗಿದ ತುಟಿಯ ಮೇಲೆ ಬಿತ್ತು. ಸೆಕೆಗೆ ಹಣೆಯಲ್ಲಿ ಬೆವರು, ಕೈಯಲ್ಲಿ ನಿಲ್ಲದ ಬೀಸಣಿಗೆ. ಹಸಿದವರು ಬೀಸಿದ ಗಾಳಿಯಲ್ಲಿ ಆರಿದ ಅನ್ನವನ್ನು ಅವರೆದುರಿಗೇ ನುಂಗುವುದು ಹೇಗೆ? ಚಮಚ ಮೆಲ್ಲಗೆ ಕೆಳಗಿಳಿಯಿತು.

"ಸಂಜೆ ನಿಮ್ಜೊತೇಲೇ ತಿಂತೀನಮ್ಮಾ."

"ಸ್ಕ್ರೂ ಸಡ್ಲ ಆಗುತ್ತೆ ಕಣ್ಲಾ!" ಎಂದ ಗುಲಾಮ್ ನಬಿ.

"ಆಗ್ಲಿ ಬಿಡೋ."

"ಬಾಯಿದಲ್ಲ, ತಲೇದು!"

ಇಡೀ ಮಧ್ಯಾಹ್ನ ಮಂಡಿಯ ಚೀಲಕ್ಕೆ ಒರಗಿ, ಕೆನ್ನೆ ಹಿಡಿದುಕೊಂಡು ಅವರು ಸರದಿಯಂತೆ ನಾರಾಯಣನನ್ನು ನೆನೆದರು, ಗಡಿಯಾರವನ್ನು ನೋಡಿದರು. ಸಂಜೆ ಆಜಾನ್ ಕೇಳಿದಾಗ ಆ ಮನೆಯಲ್ಲಿ ಅವರಷ್ಟು ಭಕ್ತಿಯಿಂದ ಕಿವಿಗೊಟ್ಟವರು ಇನ್ನೊಬ್ಬರಿರಲಿಲ್ಲ. ಮೂರು ಬಟ್ಟಲು ಗಂಜಿ ಕುಡಿದರು, ಮಾತ್ರೆ ನುಂಗಿದರು. ಅಂತೂ ಹಲ್ಲೂ ಉಳಿಯಿತು, ಅಮ್ಮನೂ ಉಳಿದರು ಎಂದು ನಿಟ್ಟುಸಿರು ಬಿಟ್ಟು ಬಸ್ ಹತ್ತಿದರು.

ಮನೆಗೆ ಬಂದಾಗ ಅಲಮೇಲಮ್ಮನವರು ಜಗಲಿಯಲ್ಲೇ ಕೂತಿದ್ದರು.

"ಎಲ್ಲೋ ಹಾಳಾಗ್ಹೋಗಿದ್ದೆ? ಹೋಗ್ಬೇಡ, ತಿಂಡಿ ತಿಂದ್ಕೊಂಡು ಹೋಗು ಅಂತ ಬೆಳಗ್ಗೆ ಗಂಟೆ ಬಾರ್ಸಿ ಬಾರ್ಸಿ ಕೈ ನೋವ್ ಬಂತು. ನಿನ್ ಹಲ್ಲಿಗೆ ಅಂತ ಮೆತ್ತಗೆ ಹುಗ್ಗಿ, ಬೇಳೆಕಟ್ಟು, ಮೊಸರನ್ನ ಎಲ್ಲಾ ಮಾಡಿಟ್ಟಿದ್ದೆ. ಕಾದು ಕಾದು ಹಸುವಿಗೆ ಹಾಕ್ದೆ."

ಯೋಗನರಸಿಂಹರ ಕಾಲು ಮೆಟ್ಟಿಲಲ್ಲೇ ನಿಂತಿತು. "ಅಮ್ಮಾ... ಇವತ್ತು ಏಕಾದಶಿ ಅಲ್ವಾ?"

"ಇವತ್ತಿಂದು ಸ್ಮಾರ್ತರಿಗೆ ಕಣೋ. ವೈಷ್ಣವರಾದ ನಮ್ಗೆ ನಾಳೆ. ಈ ಸಲ ತಿಥಿ ಎರಡು ದಿನಕ್ಕೆ ಹಂಚ್ಕೊಂಡಿದೆ."

ಅಂದರೆ ತಿನ್ನಬಹುದಾದ ದಿನವೆಲ್ಲ ಅವರು ಉಪವಾಸವಿದ್ದರು. ನಿಜವಾದ ಉಪವಾಸ ಇನ್ನೂ ಮುಂದಿತ್ತು.

ಒಂದೇ ದಾರಿ ಉಳಿದಿತ್ತು. ಗಂಟಲು ಸರಿಮಾಡಿಕೊಂಡು, "ಅಮ್ಮಾ, ನಾಳೇನೂ ನಂಗೆ ಗುಬ್ಬೀಲಿ ಸ್ವಲ್ಪ ಕೆಲ್ಸ ಇದೆ" ಎಂದರು. ರೋಜಾದವರ ಎದುರು ಬೇಡ, ನಾಳೆ ಗಂಜಿಯ ಬಟ್ಟಲನ್ನು ಕೊಬ್ಬರಿ ಚೀಲಗಳ ಹಿಂದೆ ಒಯ್ದು ಕೂತರಾಯಿತು ಎಂದು ಮನಸ್ಸು ಆಗಲೇ ಲೆಕ್ಕ ಹಾಕಿತ್ತು.

ಅಲಮೇಲಮ್ಮನವರ ಮುಖ ಅರಳಿತು.

"ಒಳ್ಳೇದೇ ಆಯ್ತು ಕಣೋ, ರಹಿಮಾ ಈಗ್ತಾನೇ ಫೋನ್ ಮಾಡಿ ಮನೆಗೆ ಕರೆದ್ಲು. ನಾಳೇನೇ ಬರ್ತೀನಿ ಅಂದಿದೀನಿ. ಅವಳೂ ಉಪವಾಸ, ನಾವಿಬ್ರೂ ಉಪವಾಸ. ಬೆಳಗಿಂದ ಸಂಜೆವರ್ಗೂ ನಿನ್ನ ಪಕ್ಕದಲ್ಲೇ ಕೂತಿರ್ತೀನಿ, ಹೊತ್ತು ಹೋಗಿದ್ದೇ ಗೊತ್ತಾಗಲ್ಲ."