ಅಕ್ಕನ ರಕ್ತ, ನನ್ನ ಫ್ರೀಜರು

ಶಿಸ್ತಿನ ಮನುಷ್ಯರಿಂದ ಆಗುವ ಹಾನಿಗೆ ಒಂದು ವಿಶೇಷವಿದೆ. ಸೋಮಾರಿ ತಪ್ಪು ಮಾಡಲು ಹೊರಟರೆ ಯಾರಾದರೂ ನಡುವೆ ಬಂದು ತಡೆಯುತ್ತಾರೆ; ಶಿಸ್ತಿನವನು ಹೊರಟರೆ ದಾರಿ ಬಿಡುತ್ತಾರೆ. ಕಡಲಾಚೆಯ ಫ್ಲೋರಲ್ ಪಾರ್ಕ್ ಎಂಬ ಊರಿನಲ್ಲಿರುವ ಮಗಳ ಮನೆಗೆ ಬಂದು ನೆಲೆಸಿದಾಗಿನಿಂದ ನನಗೂ ಎಲ್ಲರೂ ದಾರಿ ಬಿಟ್ಟಿದ್ದಾರೆ. ಕಸದ ಡಬ್ಬಿ ಯಾವ ಸಂಜೆ ರಸ್ತೆಯಂಚಿಗೆ ಹೋಗಬೇಕು, ಫ್ರೀಜರಿನಲ್ಲಿ ಕಾಯಿತುರಿ ಎಲ್ಲಿ, ಪರೋಟ ಎಲ್ಲಿ, ಎಲ್ಲವೂ ನನ್ನ ಆಡಳಿತ. "ಅಪ್ಪ ಇದ್ದಾರಲ್ಲ, ನೋಡ್ಕೋತಾರೆ ಬಿಡು" ಎಂದು ಮಗಳು ಫೋನಿನಲ್ಲಿ ಹೇಳುವುದು ಕಿವಿಗೆ ಬಿದ್ದಾಗ, ಏನೂ ಕೇಳಿಸದವನಂತೆ ಬೀಗಿದ್ದೇನೆ.

ಈ ಶಿಸ್ತನ್ನು ಕಲಿಸಿದ್ದು ಹಾಲು. ಮೈಸೂರಿನ ಡೇರಿಯೊಂದರಲ್ಲಿ ಹಾಲು ಪರೀಕ್ಷೆ ಮಾಡಿಕೊಂಡೇ ನಿವೃತ್ತನಾದವನು ನಾನು. ಅಲ್ಲಿ ಇದ್ದದ್ದು ಒಂದೇ ವೇದವಾಕ್ಯ: ಕರೆದದ್ದನ್ನು ಕೂಡಲೇ ತಣ್ಣಗಾಗಿಸು. ಕ್ಯಾನು ಬೆಚ್ಚಗಿದ್ದರೆ ರೈತ ಎಷ್ಟೇ ಗೋಗರೆದರೂ ವಾಪಸು. "ಸಾರ್, ದಾರೀಲಿ ಟೆಂಪೊ ಕೆಟ್ಟೋಯ್ತು" ಎಂದರೆ, "ಟೆಂಪೊ ಕತೆ ಹಾಲಿಗೆ ಗೊತ್ತಿಲ್ಲಪ್ಪ" ಎನ್ನುತ್ತಿದ್ದೆ. ಎಂಥ ಮಾತಾಡಿದೆ ಎಂದು ಆ ದಿನವೆಲ್ಲ ಖುಷಿಯಾಗಿರುತ್ತಿದ್ದೆ ಕೂಡ.

ಕಳೆದ ಬೇಸಿಗೆಯಲ್ಲಿ ನನ್ನ ಅಕ್ಕ ಮೈಸೂರಿನಿಂದ ಬಂದಿದ್ದಳು. ಅವಳ ಹೃದಯದ ಸ್ನಾಯು ದಪ್ಪವಾಗುತ್ತಿದೆ. ವಂಶದಲ್ಲಿ ಇಳಿದು ಬರುವ ಕಾಯಿಲೆ. ಅವಳ ಮಗಳು ಇದರಲ್ಲೇ ತೀರಿಕೊಂಡಳು. ಆ ಮಗಳ ಮಗಳು ಮೇಘನಾ ಜರ್ಸಿ ಸಿಟಿಯಲ್ಲಿದ್ದಾಳೆ, ಮದುವೆಯಾಗಿದೆ, ಮಗು ಬೇಕೆಂದಿದೆ. ತನಗೂ ಈ ಕಾಯಿಲೆ ಬಂದಿದೆಯೇ ಎಂಬುದು ಅವಳಿಗೆ ಮೊದಲು ತಿಳಿಯಬೇಕಿತ್ತು. ಕಾಯಿಲೆ ಇರುವವರ ರಕ್ತದಲ್ಲಿ ದೋಷ ಎಲ್ಲಿದೆಯೆಂದು ಹುಡುಕಿ, ಅದೇ ದೋಷವನ್ನು ಮೇಘನಾಳಲ್ಲಿ ನೋಡಬೇಕು ಎಂದರಂತೆ ಡಾಕ್ಟರು. ಅಂಥವರಲ್ಲಿ ಬದುಕಿ ಉಳಿದಿರುವುದು ಅಕ್ಕ ಒಬ್ಬಳೇ. ಇನ್ನು ಮುಂದೆ ಇಷ್ಟು ದೂರದ ಪ್ರಯಾಣ ಬೇಡವೆಂದು ಅವಳ ಡಾಕ್ಟರು ಹೇಳಿಯಾಗಿತ್ತು. "ಹುಡುಗಿ ಎದುರಿಗೆ ಕೂತು ಇದೊಂದು ಸುದ್ದಿ ಕೇಳಿಬಿಡ್ತೀನಿ ಕಣೋ ನಂಜುಂಡ. ಆಮೇಲೆ ಪ್ಲೇನು ಎಲ್ಲಿಗೆ ಬೇಕಾದರೂ ಹೋಗಲಿ" ಎಂದಳು.

ರಕ್ತ ತೆಗೆಯಲು ನರ್ಸ್ ಮನೆಗೇ ಬಂದಳು. ಅಕ್ಕನ ನರ ಬೇಗ ಸಿಗುವುದಿಲ್ಲ. ಮೊಣಕೈಯಲ್ಲಿ ನೋಡಿ, ಇನ್ನೊಂದು ಮೊಣಕೈಯಲ್ಲಿ ನೋಡಿ, ಕೊನೆಗೆ ಮುಂಗೈ ಮೇಲೆ ಸಿಕ್ಕಿತು. ನರ್ಸ್ ಟ್ಯೂಬನ್ನು ಪೆಟ್ಟಿಗೆಯಲ್ಲಿಟ್ಟು, ಕೊರಿಯರ್‌ನವನು ಬರುವವರೆಗೆ ಮೇಜಿನ ಮೇಲೆ ಹೀಗೇ ಇರಲಿ ಎಂದು ಹೋದಳು. ಹೊರಗೆ ಜುಲೈ ಬಿಸಿಲು. ಪಾಪ, ಚಿಕ್ಕ ಹುಡುಗಿ, ಅವಳಿಗೇನು ಗೊತ್ತು ಎಂದುಕೊಂಡೆ. ಟ್ಯೂಬನ್ನು ತೆಗೆದು ಫ್ರೀಜರಿನಲ್ಲಿ, ಕಾಯಿತುರಿಯ ಪಕ್ಕದಲ್ಲಿ, ಬಟಾಣಿಗೆ ತಾಗದಂತೆ ನೆಟ್ಟಗೆ ನಿಲ್ಲಿಸಿದೆ. ಸಂಜೆ ಕೊರಿಯರ್‌ನವನು ಬಂದಾಗ ಮತ್ತೆ ಪೆಟ್ಟಿಗೆಗೆ ಸೇರಿಸಿ, ಮುಚ್ಚಿ, ಅವನ ಕೈಗೆ ಕೊಟ್ಟೆ.

ಕೆಲವು ದಿನಗಳಲ್ಲಿ ಮೇಘನಾ ಫೋನ್ ಮಾಡಿದಳು.

"ತಾತ, ಅಜ್ಜಿ ಸ್ಯಾಂಪಲ್ ಎಲ್ಲಿ ಇಟ್ಟಿದ್ರಿ?"

"ಫ್ರೀಜರ್‌ನಲ್ಲಮ್ಮ. ಒಂದು ನಿಮಿಷ ಹೊರಗೆ ಬಿಡಲಿಲ್ಲ."

ಮೆಚ್ಚುಗೆಗೆ ಮಾತು ಹುಡುಕುತ್ತಿದ್ದಾಳೆ ಎಂದುಕೊಂಡು ಕಾದೆ.

"ಟ್ಯೂಬ್ ಕ್ರ್ಯಾಕ್ ಆಗಿದೆ ತಾತ. ಬ್ಲಡ್ ಫ್ರೀಜ್ ಆಗಿ ಹಾಳಾಗಿದೆಯಂತೆ. ರಿಜೆಕ್ಟ್ ಮಾಡಿದಾರೆ. ಇಟ್ಸ್ ಓಕೆ."

ಅವಳ ದನಿಯಲ್ಲಿ ಯಾವುದೂ ಓಕೆ ಇರಲಿಲ್ಲ. ಆ ಟೆಂಪೊ ಕೆಟ್ಟ ರೈತ ನನ್ನೆದುರು ನಿಂತಾಗ ಅವನ ಮುಖ ಹೇಗಿತ್ತೆಂದು ನೆನಪಿಸಿಕೊಳ್ಳಲು ನೋಡಿದೆ. ನೆನಪಾಗಲಿಲ್ಲ. ನಾನು ಕ್ಯಾನನ್ನು ಮಾತ್ರ ನೋಡುತ್ತಿದ್ದೆನಲ್ಲ.

ಮಗಳು ಬಯ್ಯಲಿಲ್ಲ, ಅದೇ ಕಷ್ಟವಾಯಿತು. ಬೈದದ್ದು ಅಕ್ಕ, ಅದೂ ಮತ್ತೆ ನರ್ಸ್ ಬಂದು ಸೂಜಿ ಹಿಡಿದಾಗ. ಹಳೆಯ ಚುಚ್ಚು ಇನ್ನೂ ನೀಲಿಗಟ್ಟಿತ್ತು. ಒಂದೆಡೆ ಸಿಗದೆ ಇನ್ನೊಂದೆಡೆ ಚುಚ್ಚಿದಾಗ ಅಕ್ಕ ಕಣ್ಣು ಮುಚ್ಚಿಕೊಂಡೇ, "ಎಮ್ಮೆಗೂ ನಂಗೂ ವ್ಯತ್ಯಾಸ ಗೊತ್ತಾಗಲಿಲ್ಲ ನಿಂಗೆ" ಎಂದಳು. ಆಮೇಲೆ ಪೆಟ್ಟಿಗೆಯನ್ನು ತೊಡೆಯ ಮೇಲಿಟ್ಟುಕೊಂಡು ಕೂತಳು. ಕೊರಿಯರ್‌ನವನು ತಡ ಮಾಡಿದ. ನಾನು ನೀರು ಕುಡಿಯಲು ಅಡಿಗೆಮನೆಗೆ ಎದ್ದರೂ ಸಾಕು, "ಎಲ್ಲಿಗೆ?" ಎನ್ನುತ್ತಿದ್ದಳು.

ಈ ಸಲ ಲ್ಯಾಬಿನವರು ರಕ್ತವನ್ನು ಒಪ್ಪಿಕೊಂಡರು. ಆದರೆ ಫಲಿತಾಂಶಕ್ಕೆ ವಾರಗಟ್ಟಲೆ ಬೇಕು, ಅದಾದ ಮೇಲೆ ಮೇಘನಾಳದು. ಮೊದಲ ರಕ್ತದ ಲೆಕ್ಕಕ್ಕೆ ತೆಗೆದಿದ್ದ ಅಕ್ಕನ ಟಿಕೆಟ್ಟು ಅಷ್ಟು ದಿನ ಕಾಯಲಿಲ್ಲ. ಏರ್‌ಪೋರ್ಟಿನಲ್ಲಿ ಮೊಮ್ಮಗಳ ಕೆನ್ನೆಯನ್ನು ಆ ನೀಲಿ ಕೈಯಿಂದ ಸವರಿದಳು. ಕೇಳಲು ಇನ್ನೂ ಏನೂ ಇರಲಿಲ್ಲ.

ಸುದ್ದಿ ಬಂದಾಗ ಒಳ್ಳೆಯದೇ ಬಂತು: ಮೇಘನಾಳಲ್ಲಿ ಆ ದೋಷವಿಲ್ಲ. ಅದನ್ನು ಅಕ್ಕ ವಿಡಿಯೊ ಕಾಲಿನಲ್ಲಿ ಕೇಳಿದಳು. "ಕಿವಿಗೆ ಬಿತ್ತಲ್ಲ, ಸಾಕು ಬಿಡೇ" ಎಂದು ಸೆರಗಿನಿಂದ ಫೋನಿನ ಗಾಜನ್ನು ಒರೆಸಿದಳು, ಮೊಮ್ಮಗಳ ಮುಖ ಸರಿಯಾಗಿ ಕಾಣಲೆಂದು. ಎದುರಿಗೆ ಕೂತು ಒರೆಸಬೇಕಾಗಿದ್ದ ಮುಖ ಅದು. ಆ ಗಳಿಗೆಯನ್ನು ಕಾಯಿತುರಿಯ ಪಕ್ಕದಲ್ಲಿಟ್ಟು ಕೆಡಿಸಿದವನು ನಾನು.

ಒಡಹುಟ್ಟಿದವರೂ ರಕ್ತ ಪರೀಕ್ಷೆ ಮಾಡಿಸಿಕೊಳ್ಳಬೇಕಂತೆ. ಹೋದ ವಾರ ಮೇಘನಾಳೇ ನನ್ನನ್ನು ಕಾರಿನಲ್ಲಿ ಲ್ಯಾಬಿಗೆ ಕರೆದುಕೊಂಡು ಹೋದಳು. "ತಾತ, ನೀವು ಸುಮ್ಮನೆ ಕೂತ್ಕೊಂಡಿದ್ರೆ ಸಾಕು, ಏನೂ ಹೆಲ್ಪ್ ಮಾಡಬೇಡಿ" ಎಂದಳು. ಕೂತೆ. ನರಕ್ಕಾಗಿ ಹುಡುಕಾಡಲಿ, ಅಲ್ಲೊಂದು ಇಲ್ಲೊಂದು ಚುಚ್ಚಲಿ ಎಂದು ಒಳಗೊಳಗೇ ಆಸೆಪಟ್ಟಿದ್ದೆ. ನನ್ನ ನರವೂ ನನ್ನಂತೆಯೇ ಶಿಸ್ತಿನದು. ಮೊದಲ ಚುಚ್ಚಿಗೇ ಸಿಕ್ಕಿಬಿಟ್ಟಿತು.