ಹಾಜರಾಗಬೇಕಾದ ದಿನದ ಜ್ವರ

ಅವಾಂತರಕ್ಕೆಲ್ಲ ಮೂಲ ಬೆರಳುದ್ದದ ಒಂದು ಥರ್ಮಾಮೀಟರು.

ಬಸ್ ನಿಲ್ದಾಣದ ಮೂರನೇ ಟಿಕೆಟ್ ಕಿಟಕಿಯ ಗುಮಾಸ್ತರಿಗೆ ಹುಳುಕು ಹಲ್ಲಿನಿಂದ ಹೊರಟ ಸೋಂಕು, ರಕ್ತದಲ್ಲಿ ಸವಾರಿ ಮಾಡಿ, ಹೃದಯದ ಕವಾಟದಲ್ಲಿ ಬಿಡಾರ ಹೂಡಿತ್ತು. ಆರು ವಾರ ಆಸ್ಪತ್ರೆಯಲ್ಲಿ ಆ್ಯಂಟಿಬಯೋಟಿಕ್ ಹನಿ ಹನಿಯಾಗಿ ಒಳಗಿಳಿದ ಮೇಲೆಯೇ ಅದು ಗಂಟುಮೂಟೆ ಕಟ್ಟಿದ್ದು. ಈ ಬೆಳಗ್ಗೆಯೂ ಜ್ವರವಿಲ್ಲದಿದ್ದರೆ ಡಾಕ್ಟರು ಪ್ರಮಾಣಪತ್ರಕ್ಕೆ ಸಹಿ ಹಾಕುತ್ತಾರೆ. ಹನ್ನೊಂದು ಗಂಟೆಯೊಳಗೆ ಹಾಜರಾದರೆ ಕಿಟಕಿ ಅವರದೇ, ತಪ್ಪಿದರೆ ಉಗ್ರಾಣಕ್ಕೆ ವರ್ಗ. ಇಪ್ಪತ್ತು ವರ್ಷ ಜನರ ಮುಖ ನೋಡಿದವರಿಗೆ ಇನ್ನು ಹಳೇ ಟಯರುಗಳ ಮುಖ ನೋಡಬೇಕಲ್ಲ ಎಂಬ ದಿಗಿಲು.

"ಜಾಡಿಸಿ ಇಟ್ಟಿದ್ದೀನಿ ಕಣ್ರೀ. ಷರಟು ಹಾಕ್ಕೊಂಡು ಬಂದು ಬಾಯಿಗಿಟ್ಕೊಳ್ಳಿ," ಎಂದು ಹೆಂಡತಿ ಥರ್ಮಾಮೀಟರನ್ನು ಹಜಾರದ ಮೇಜಿನ ಮೇಲಿಟ್ಟಳು.

ಅಷ್ಟರಲ್ಲಿ ಮೇಲಧಿಕಾರಿಗಳ ಸವಾರಿ ಬಂತು. ಕಾರಿನಲ್ಲಿ ಕರೆದೊಯ್ಯಲು ಬಂದೆ ಎಂದರು. ಕಾಯಿಲೆ ನಿಜವೋ ನಾಟಕವೋ ನೋಡಲು ಬಂದಿದ್ದು ಮುಖದ ಮೇಲೇ ಬರೆದಿತ್ತು. ಅವರನ್ನು ಕೂರಿಸಿ ಹೆಂಡತಿ ಕಾಫಿಗೆ ಒಳಹೋದಳು. ಬೆನ್ನಿಗೇ ಬಂದ ಪಕ್ಕದ ಮನೆಯ ನಲ್ಲಿ ರಿಪೇರಿಯವನು ಮಾತ್ರ ಕೂರಲಿಲ್ಲ, ಷರಟು ಹಾಕಿಕೊಳ್ಳಲು ಹೋದ ಗುಮಾಸ್ತರ ಹಿಂದೆಯೇ ಕೋಣೆಗೆ ನುಗ್ಗಿದ.

"ಸಾರ್, ವಾಲ್ವು ಅಂದ್ರಲ್ಲ, ಎಷ್ಟಿಂಚಿಂದು?"

"ಅದೆಲ್ಲ ಹೇಳ್ಲಿಲ್ಲಪ್ಪ."

"ಸೋರುತ್ತಾ?"

"ಸ್ವಲ್ಪ ಸೋರುತ್ತಂತೆ. ಪರವಾಗಿಲ್ಲ ಅಂದ್ರು."

"ಸೋರೋದನ್ನ ಹಾಗೇ ಬಿಟ್ರಾ? ನಾನಾಗಿದ್ರೆ ವಾಷರ್ ಬದಲಾಯಿಸ್ದೆ ಅಲ್ಲಿಂದ ಕದಲ್ತಿರ್ಲಿಲ್ಲ!"

ಗುಮಾಸ್ತರು ಗುಂಡಿ ಹಾಕಿಕೊಂಡು ನಗುತ್ತಲೇ ಹೊರಬಂದು ಥರ್ಮಾಮೀಟರನ್ನು ನಾಲಗೆಯಡಿ ಇಟ್ಟುಕೊಂಡರು. ತೆಗೆದು ನೋಡಿದರೆ ನೂರೆರಡು! ಜ್ವರ ಮರಳಿದರೆ ಮತ್ತೆ ಆರು ವಾರ ಆಸ್ಪತ್ರೆವಾಸ ಎಂದು ಡಾಕ್ಟರು ಮೊದಲೇ ಎಚ್ಚರಿಸಿದ್ದರು. ಕಾಫಿ ತಂದ ಹೆಂಡತಿ ಲೋಟಗಳ ಸಮೇತ ಕುಸಿದು ಕೂತಳು.

"ನಾನಾಗ್ಲೇ ಹೇಳ್ಲಿಲ್ವಾ, ವಾಷರ್ ಅಂತ!" ಎನ್ನುತ್ತಾ ನಲ್ಲಿಯವನು ಗುಮಾಸ್ತರನ್ನು ಅನಾಮತ್ತಾಗಿ ಎತ್ತಿ ಕಾರಿಗೆ ತುಂಬಿದ.

ಆಸ್ಪತ್ರೆಯಲ್ಲಿ ಮೊದಲು ಎರಡೂ ತೋಳಿನಿಂದ ರಕ್ತ ಎಳೆದರು, ಆಮೇಲೆ ಜ್ವರ ನೋಡಿದರು. ತೊಂಬತ್ತೆಂಟು. ಇನ್ನೊಮ್ಮೆ ನೋಡಿದರೂ ಅಷ್ಟೇ.

ಡಾಕ್ಟರಿಗೆ ಕುತೂಹಲ ಕೆರಳಿತು. "ಇವ್ರಿಗೆ ಜ್ವರಾನೇ ಇಲ್ವಲ್ಲ. ಹಾಗಾದ್ರೆ ಆ ನೂರೆರಡು ಯಾರದು?"

ಮೂಲೆಯ ಕುರ್ಚಿಯಲ್ಲಿ ನಡುಗುತ್ತಿದ್ದ ಮೇಲಧಿಕಾರಿ ಕೆಮ್ಮಿದರು. "ಆರು ವಾರ ರಜೆ ಅಂದ್ರಲ್ಲ, ಥರ್ಮಾಮೀಟರ್ ಸರಿಯಿದ್ಯೋ ಇಲ್ವೋ ಅಂತ ಯಾರೂ ಇಲ್ದಾಗ ನಾನೇ ಬಾಯಿಗಿಟ್ಟು ನೋಡ್ದೆ. ನೂರೆರಡು ತೋರಿಸ್ತು. ಕೆಟ್ಟುಹೋಗಿದೆ ಅಂದ್ಕೊಂಡು ಜಾಡಿಸ್ದೆ ಹಾಗೇ ಇಟ್ಬಿಟ್ಟೆ. ಆಮೇಲೆ ಹೇಳೋಕೆ ನಾಚಿಕೆ ಆಯ್ತು."

ನರ್ಸ್ ಅವರ ಜ್ವರ ನೋಡಿದಳು. ಅಚ್ಚುಕಟ್ಟಾಗಿ ನೂರೆರಡು.

ಗುಮಾಸ್ತರಿಗೆ ಹೋದ ಜೀವ ಬಂದಂತಾಯಿತು. "ಸಹಿ ಹಾಕಿ ಡಾಕ್ಟ್ರೇ! ಇನ್ನೂ ಹತ್ತೂವರೆ!"

ಡಾಕ್ಟರು ಎತ್ತಿದ ಪೆನ್ನನ್ನು ಕೆಳಗಿಟ್ಟರು. "ಇವ್ರ ಫ್ಲೂ ಈಗ ನಿಮ್ಮ ಬಾಯಿಗೂ ಬಂದಿದೆಯಲ್ರೀ! ನಾಡಿದ್ದು ಜ್ವರ ಬಂದ್ರೆ ಅದು ಫ್ಲೂದೋ ಕವಾಟದ್ದೋ ಅಂತ ನಂಗೆ ಹೇಗೆ ಗೊತ್ತಾಗ್ಬೇಕು? ಹತ್ತು ದಿನ ಮನೆ ಬಿಟ್ಟು ಅಲ್ಲಾಡ್ಬೇಡಿ."

"ನಾನು?" ಎಂದರು ಮೇಲಧಿಕಾರಿ.

"ನಿಮಗೇನು, ಮಾತ್ರೆ ನುಂಗಿ ಮೂರು ದಿನ ಮಲಗಿದ್ದು ಕೆಲಸಕ್ಕೆ ಹೋಗಿ."

ಮೇಲಧಿಕಾರಿ ಎದ್ದು ಬಂದು, ಕೆಂಡದಂಥ ಕೈಯನ್ನು ಗುಮಾಸ್ತರ ಹೆಗಲ ಮೇಲಿಟ್ಟು ಮರುಕದಿಂದ ಹೇಳಿದರು:

"ಬೇಜಾರು ಮಾಡ್ಕೋಬೇಡಿ. ನೀವು ಬರೋ ಹೊತ್ತಿಗೆ ಉಗ್ರಾಣ ಗುಡಿಸಿ ಇಡಿಸಿರ್ತೀನಿ."